ಬೇರೆಯಾದ ಮೇಲೆ ಗ್ರೀನ್ ಕಾರ್ಡ್ ಅರ್ಜಿ ವಾಪಸ್ ತೆಗೆದುಕೊಳ್ಳಬಹುದಾ?

ಪ್ರಶ್ನೆ: ನಾನು ಅಮೆರಿಕದ ಸಿಟಿಜನ್. ಊರಲ್ಲಿ ಮದುವೆಯಾಗಿ ಬಂದು ಹೆಂಡತಿಗೆ ಗ್ರೀನ್ ಕಾರ್ಡಿಗೆ ಹಾಕಿದ್ದೆ. ಈಗ ಬೇರೆ ಬೇರೆ ಇದ್ದೇವೆ. ಅರ್ಜಿ ವಾಪಸ್ ತೆಗೆದುಕೊಳ್ಳುವುದು ಹೇಗೆ? ಕಾರ್ಡ್ ಬಂದುಬಿಟ್ಟಿದ್ದರೂ ಕ್ಯಾನ್ಸಲ್ ಮಾಡಿಸಬಹುದಾ?

ಉತ್ತರ: ಇದನ್ನು ಒಮ್ಮೆ ಗಂಡ ಕೇಳುತ್ತಾರೆ, ಒಮ್ಮೆ ಹೆಂಡತಿ, ಇನ್ನೊಮ್ಮೆ ಬೆಂಗಳೂರಿನಿಂದ ಯಾರದೋ ಮಾವನವರು. ಒಬ್ಬೊಬ್ಬರಿಗೂ ಅದನ್ನೇ ಟೈಪ್ ಮಾಡಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕಾರ್ಡ್ ಮಂಜೂರಾಗುವ ಮುಂಚೆ ಆದರೆ ವಾಪಸ್ ತೆಗೆದುಕೊಳ್ಳಬಹುದು. ಯಾರ ಅಪ್ಪಣೆಯೂ ಬೇಡ, ಕಾರಣವನ್ನೂ ಹೇಳಬೇಕಿಲ್ಲ. ಮಂಜೂರಾದ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ.

ಐ-130, ಅಂದರೆ ‘ಇವರು ನನ್ನ ಹೆಂಡತಿ’ ಅಂತ ಹಾಕುವುದು, ನಿಮ್ಮ ಅರ್ಜಿ. ಐ-485, ಅಂದರೆ ಅಮೆರಿಕದೊಳಗೇ ಇದ್ದು ಗ್ರೀನ್ ಕಾರ್ಡ್ ಕೇಳುವುದು, ಅವರದು. ಅವರದನ್ನು ನೀವು ಹಿಂತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ನಿಮ್ಮ ಐ-130 ಬಿದ್ದುಹೋದರೆ ಅದನ್ನೇ ನಂಬಿಕೊಂಡಿರುವ ಐ-485 ಕೂಡ ತಿರಸ್ಕಾರವಾಗುತ್ತದೆ. ಇದಕ್ಕೆ ಬೇರೆ ಫಾರ್ಮ್ ಏನೂ ಬೇಕಿಲ್ಲ. ಇಬ್ಬರ ಹೆಸರು, ರಸೀದಿ ನಂಬರ್, ಅರ್ಜಿ ಹಿಂತೆಗೆದುಕೊಳ್ಳುತ್ತಿದ್ದೇನೆ ಎಂಬ ಒಂದು ಸಾಲು, ತಾರೀಖು, ಸಹಿ. ಇಷ್ಟಿರುವ ಪತ್ರವನ್ನು ಫೈಲ್ ಯಾವ ಆಫೀಸಿನಲ್ಲಿದೆಯೋ ಅಲ್ಲಿಗೆ, ಟ್ರ್ಯಾಕಿಂಗ್ ಇರುವ ಅಂಚೆಯಲ್ಲಿ ಕಳಿಸಿ. ಹೆಂಡತಿ ಇನ್ನೂ ಊರಲ್ಲೇ ಇದ್ದು ಫೈಲ್ ನ್ಯಾಷನಲ್ ವೀಸಾ ಸೆಂಟರಿಗೋ ಮುಂಬೈ ಕಾನ್ಸುಲೇಟಿಗೋ ಹೋಗಿದ್ದರೆ ಅವರಿಗೂ ತಿಳಿಸಿ. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಾಂಪ್ ಆಗಿದ್ದರೂ, ಅವರು ಅಮೆರಿಕದ ಏರ್‌ಪೋರ್ಟಿನಲ್ಲಿ ಇಮಿಗ್ರೇಷನ್ ದಾಟುವ ತನಕ ನಿಮಗೆ ಅವಕಾಶ ಇದೆ.

ಕಟ್ಟಿದ ಫೀಸು ವಾಪಸ್ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಹಿಂತೆಗೆದುಕೊಂಡಿದ್ದನ್ನು ಮತ್ತೆ ಹಿಂತೆಗೆದುಕೊಳ್ಳಲು ಆಗುವುದಿಲ್ಲ. ಇದು ನಿಯಮದಲ್ಲೇ ಇದೆ. ರಾತ್ರಿ ಜಗಳವಾಡಿ ಬೆಳಗ್ಗೆ ಪತ್ರ ಪೋಸ್ಟ್ ಮಾಡಿ, ಯುಗಾದಿ ಹೊತ್ತಿಗೆ ರಾಜಿಯಾದವರೂ ಇದ್ದಾರೆ. ಅವರಿಗೆ ಹೊಸ ಅರ್ಜಿ, ಹೊಸ ಫೀಸು, ಮೊದಲಿನಿಂದ ಕಾಯುವುದು.

ಹಾಗಾದರೆ ಸುಮ್ನೆ ಇದ್ದುಬಿಟ್ಟರೆ? ಕಾರ್ಡ್ ಆಗುವ ಮುಂಚೆ ಡೈವೋರ್ಸ್ ಆದರೆ ಐ-130 ತಾನಾಗಿಯೇ ರದ್ದಾಗುತ್ತದೆ. ಅಲ್ಲಿಯವರೆಗೆ ಫೈಲ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ, ಒಂದು ದಿನ ಇಂಟರ್‌ವ್ಯೂಗೆ ಕರೆಯೂ ಬರುತ್ತದೆ. ಹಾಗೆ ಕರೆ ಬಂದಾಗ, ‘ಹೋಗಿದ್ದು ಬನ್ನಿ, ಒಟ್ಟಿಗೇ ಇದ್ದೀವಿ ಅಂತ ಹೇಳಿಬಿಡಿ, ಪಾಪ ಹುಡುಗಿಗೆ ಕಾರ್ಡ್ ಆಗಲಿ’ ಎನ್ನುವ ದೊಡ್ಡವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ. ಇಮಿಗ್ರೇಷನ್‌ಗಾಗಿ ಮದುವೆಯ ಹೆಸರಿನಲ್ಲಿ ಮೋಸ ಮಾಡಿದರೆ 5 ವರ್ಷದವರೆಗೆ ಜೈಲು, 2,50,000 ಡಾಲರ್ ತನಕ ದಂಡ. ಆ ಎಚ್ಚರಿಕೆ ನೀವು ಸಹಿ ಹಾಕಿದ ಫಾರ್ಮಿನಲ್ಲೇ ಇದೆ.

ಈಗ ನನಗೆ ತಲೆನೋವಾಗಿರುವ ವಿಷಯ. ‘ಕಾರ್ಡ್ ಕೊಡಿಸಿದ್ದು ನಾನು, ಒಂದು ಪತ್ರ ಬರೆದರೆ ಕ್ಯಾನ್ಸಲ್.’ ಜಗಳದಲ್ಲಿ ಇದನ್ನೇ ಬೆದರಿಕೆ ಮಾಡಿಕೊಂಡ ಗಂಡಂದಿರಿದ್ದಾರೆ, ಹೆಂಡತಿಯರೂ ಇದ್ದಾರೆ. ಕೇಳಿಸಿಕೊಂಡವರು ನಿಜ ಅಂದುಕೊಂಡು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಇದು ಶುದ್ಧ ಸುಳ್ಳು. ಸ್ಪಾನ್ಸರ್‌ಗೆ ಇರುವ ಹಕ್ಕು ಅರ್ಜಿಯ ಮೇಲೆ. ಅರ್ಜಿ ಮಂಜೂರಾಗಿ ಕಾರ್ಡ್ ಸಿಕ್ಕಿತು ಅಂದರೆ ಹಿಂತೆಗೆದುಕೊಳ್ಳಲು ಅರ್ಜಿಯೇ ಉಳಿದಿರುವುದಿಲ್ಲ. ಆಮೇಲೆ ಆ ಹಕ್ಕು ಕಾರ್ಡ್ ಇರುವವರದು, ಅದನ್ನು ಕಿತ್ತುಕೊಳ್ಳಬೇಕಾದರೆ ಸರ್ಕಾರವೇ ಕೇಸ್ ಹಾಕಿ ಸಾಬೀತು ಮಾಡಬೇಕು.

ನಮ್ಮವರಲ್ಲಿ ಈ ನಂಬಿಕೆ ಇಷ್ಟು ಗಟ್ಟಿಯಾಗಲು ಎಚ್-4 (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಒಂದು ಕಾರಣ ಅಂತ ನನಗನ್ನಿಸುತ್ತದೆ. ಎಚ್-4ನಲ್ಲಿರುವ ಹೆಂಡತಿಯ ಸ್ಟೇಟಸ್ ಗಂಡನ ಎಚ್-1ಬಿಗೆ ಕಟ್ಟಿಕೊಂಡಿರುತ್ತದೆ. ಡೈವೋರ್ಸ್ ಆದ ದಿನ ಅದು ಹೋಗುತ್ತದೆ. ಅದನ್ನು ನೋಡಿದವರು ಗ್ರೀನ್ ಕಾರ್ಡೂ ಹಾಗೇ ಅಂದುಕೊಂಡರು. ಎರಡೂ ಬೇರೆ ಬೇರೆ ಸ್ವಾಮಿ.

ಇನ್ನೊಂದು ಕಾರಣ ಎರಡು ವರ್ಷದ ಕಾರ್ಡ್. ಕಾರ್ಡ್ ಸಿಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಕಂಡಿಷನಲ್ ಕಾರ್ಡ್ ಕೊಡುತ್ತಾರೆ. 1986ರ ಕಾನೂನಿನಿಂದ ಬಂದದ್ದು ಇದು. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ, ಆ ಕಂಡಿಷನ್ ತೆಗೆಸುವ ಐ-751 ಅರ್ಜಿ ಹಾಕಬೇಕು. ಇಲ್ಲಿ ಗಂಡ ಅಥವಾ ಹೆಂಡತಿ ಸಹಿ ಹಾಕುವುದಿಲ್ಲ ಅಂತ ಹಠ ಹಿಡಿಯಬಹುದು, ಹಾಕಿದ ಮೇಲೂ ಹಿಂದೆ ಸರಿಯಬಹುದು. ಆ ಸುಳ್ಳಿನಲ್ಲಿ ನಿಜ ಇರುವುದು ಇಷ್ಟೇ. ಆದರೆ ಅಲ್ಲಿಗೆ ಕಥೆ ಮುಗಿಯುವುದಿಲ್ಲ. ಡೈವೋರ್ಸ್ ಆಗಿದ್ದರೆ ಒಬ್ಬರೇ ವೇವರ್ (ಜಂಟಿ ಸಹಿಯಿಂದ ವಿನಾಯಿತಿ) ಕೇಳಿ ಐ-751 ಹಾಕಬಹುದು. ಮದುವೆ ನಿಜವಾದದ್ದು ಅಂತ ತೋರಿಸಬೇಕು: ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಒಟ್ಟಿಗೆ ಸಲ್ಲಿಸಿದ ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್. ಮದುವೆ ಆಲ್ಬಮ್ ಒಂದನ್ನೇ ಕಳಿಸಿ ಕೂರಬೇಡಿ. ಸಾವಿರ ಜನ ಊಟ ಮಾಡಿದ್ದು ಸಂಸಾರ ಮಾಡಿದ್ದಕ್ಕೆ ಸಾಕ್ಷಿ ಆಗುವುದಿಲ್ಲ.

‘ಸರಿ, ಮೋಸದ ಮದುವೆ ಅಂತ ಕಂಪ್ಲೇಂಟ್ ಕೊಡ್ತೀನಿ’ ಎನ್ನುವವರಿಗೆ ಒಂದು ಮಾತು. ಕಾನೂನು ನೋಡುವುದು ಮದುವೆಯಾದ ದಿನ ಒಟ್ಟಿಗೆ ಬಾಳುವ ಉದ್ದೇಶ ಇತ್ತೋ ಇಲ್ಲವೋ ಅಂತ. ಆಮೇಲೆ ಬೇರೆಯಾದರು ಎಂಬ ಒಂದೇ ಕಾರಣಕ್ಕೆ ಮದುವೆ ನಾಟಕ ಅಂತ ಹೇಳಲಾಗದು. ಫೆಡರಲ್ ಅಪೀಲ್ ಕೋರ್ಟ್ 1975ರಲ್ಲೇ ಬಾರ್ಕ್ ಕೇಸಿನಲ್ಲಿ ಇದನ್ನು ಹೇಳಿದೆ. ನಿಜವಾಗಿ ಮೋಸವಾಗಿದ್ದರೆ ಖಂಡಿತ ಹೇಳಿ. ಸಿಟ್ಟಿಗೆ ಸುಳ್ಳು ಬರೆಯಬೇಡಿ. ಸರ್ಕಾರಕ್ಕೆ ಗೊತ್ತಿದ್ದೂ ಸುಳ್ಳು ಬರೆದುಕೊಡುವುದು ಅಲ್ಲಿ ಅಪರಾಧ. ಅದೂ ಅಲ್ಲದೆ ಮದುವೆಯಲ್ಲಿ ಮೋಸ ಅಂತ ತೀರ್ಮಾನವಾದರೆ ಆ ವ್ಯಕ್ತಿಗೆ ಮುಂದೆ ಯಾರ ಅರ್ಜಿಯೂ ಮಂಜೂರಾಗುವುದಿಲ್ಲ, ಕಂಪನಿ ಹಾಕುವ ಐ-140 ಕೂಡ. ಒಂದು ಸಿಟ್ಟಿನ ಪತ್ರದಿಂದ ಇನ್ನೊಬ್ಬರ ಇಡೀ ಬದುಕಿನ ಬಾಗಿಲು ಮುಚ್ಚಬಹುದು.

ಇನ್ನು ಸ್ಪಾನ್ಸರ್‌ಗಳಿಗೆ ಬೇಡದ ಸುದ್ದಿ. ಕಾರ್ಡ್ ಕ್ಯಾನ್ಸಲ್ ಮಾಡಿಸಲು ಹೊರಟವರಿಗೆ ತಾವು ಐ-864 ಎಂಬ ಫಾರ್ಮಿಗೂ ಸಹಿ ಹಾಕಿದ್ದು ಮರೆತೇಹೋಗಿರುತ್ತದೆ. ಕಾರ್ಡ್ ಬಂದವರ ಆದಾಯ ಸರ್ಕಾರದ ಬಡತನ ರೇಖೆಯ 125 ಪರ್ಸೆಂಟ್‌ಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುತ್ತೇನೆ ಎಂಬ ಒಪ್ಪಂದ ಅದು. ಡೈವೋರ್ಸ್ ಆದರೂ ಮುಗಿಯುವುದಿಲ್ಲ. ಅವರು ಸಿಟಿಜನ್ ಆಗಬೇಕು, ಅಥವಾ 40 ಕ್ವಾರ್ಟರ್ ಕೆಲಸ ಅವರ ಲೆಕ್ಕಕ್ಕೆ ಸೇರಬೇಕು (ಹೆಚ್ಚುಕಡಿಮೆ ಹತ್ತು ವರ್ಷ), ಅಥವಾ ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೋಗಬೇಕು, ಅಥವಾ ಇಬ್ಬರಲ್ಲಿ ಒಬ್ಬರು ಸಾಯಬೇಕು. ಹಣ ಕೊಡದಿದ್ದರೆ ಅವರು ನಿಮ್ಮ ಮೇಲೆ ಕೋರ್ಟಿಗೆ ಹೋಗಬಹುದು. ಇದನ್ನೂ ಕಾರ್ಡ್ ಮಂಜೂರಾಗುವ ಮುಂಚೆ ಮಾತ್ರ ವಾಪಸ್ ತೆಗೆದುಕೊಳ್ಳಬಹುದು.

ಅರ್ಜಿ ಬಿದ್ದುಹೋದವರ ಕಡೆಯದು ಎರಡು ಮಾತು. ನಿಮ್ಮ ಎಚ್-1ಬಿಯನ್ನು ಸರಿಯಾಗಿ ಉಳಿಸಿಕೊಂಡಿದ್ದರೆ ಚಿಂತೆ ಕಡಿಮೆ, ಅದರಲ್ಲೇ ಮುಂದುವರಿಯಬಹುದು. ಬರೀ ಐ-485 ಮೇಲೆ ಸಿಕ್ಕ ವರ್ಕ್ ಪರ್ಮಿಟ್ ಹಿಡಿದು ಕೂತಿದ್ದರೆ ಅರ್ಜಿ ತಿರಸ್ಕಾರವಾದ ಮೇಲೆ ಪ್ರತಿ ದಿನವೂ ಅಕ್ರಮ ವಾಸದ ಲೆಕ್ಕಕ್ಕೆ ಬರುತ್ತದೆ. ಹಾಗೆ 180 ದಿನಕ್ಕಿಂತ ಜಾಸ್ತಿ ಇದ್ದು ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ದಾಟಿದರೆ 10 ವರ್ಷ ವಾಪಸ್ ಬರುವಂತಿಲ್ಲ. ಮನೆಯಲ್ಲಿ ಹಿಂಸೆ ಇದ್ದರೆ ದಾರಿಯೇ ಬೇರೆ. 1994ರ ವಾವಾ (ಮಹಿಳೆಯರ ಮೇಲಿನ ಹಿಂಸೆ ತಡೆಯುವ) ಕಾನೂನಿನಡಿ, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರನ್ನು ಮದುವೆಯಾದವರು ಐ-360 ಅರ್ಜಿಯನ್ನು ತಾವೇ ಹಾಕಬಹುದು. ಆ ಕಡೆಯವರ ಸಹಿ ಬೇಡ, ಅವರಿಗೆ ತಿಳಿಸುವುದೂ ಇಲ್ಲ. ಗಂಡಸರೂ ಹಾಕಬಹುದು. ಡೈವೋರ್ಸ್ ಆಗಿದ್ದರೆ ಎರಡು ವರ್ಷದೊಳಗೆ ಹಾಕಬೇಕು. ವಕೀಲರನ್ನು ಕಾಣಿ, ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ.

ಕೊನೆಗೆ, ಯಾರೂ ಕೇಳದ ಆದರೆ ಕೇಳಲೇಬೇಕಾದ ಪ್ರಶ್ನೆ: ಅಮೆರಿಕದಲ್ಲಿ ಪಡೆದ ಡೈವೋರ್ಸ್ ಊರಲ್ಲಿ ನಡೆಯುತ್ತದಾ? ಒಬ್ಬರೇ ಹೋಗಿ ‘ಹೊಂದಾಣಿಕೆ ಸಾಧ್ಯವಿಲ್ಲ’ ಅಂತ ತಂದ ಡಿಕ್ರಿ ಆದರೆ, ಸಾಮಾನ್ಯವಾಗಿ ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಕಾರಣವೇ ಇಲ್ಲ. ತಿರುಪತಿಯಲ್ಲಿ ಮದುವೆಯಾಗಿ ಮಿಸೂರಿಯಲ್ಲಿ ಡೈವೋರ್ಸ್ ತಂದ ಗಂಡನೊಬ್ಬ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ಕ್ರಿಮಿನಲ್ ಕೇಸ್ ಹಾಕಿದರು. ನರಸಿಂಹ ರಾವ್ ಕೇಸ್ ಅಂತಲೇ ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಆ ಡಿಕ್ರಿಯನ್ನು ಒಪ್ಪಲಿಲ್ಲ. ಅಂದರೆ ಅಲ್ಲಿ ಒಂಟಿ, ಇಲ್ಲಿ ಸಂಸಾರಸ್ಥ. ಇಬ್ಬರೂ ಮನಸಾರೆ ಒಪ್ಪಿ ಅಲ್ಲಿನ ಕೋರ್ಟಿನಲ್ಲಿ ಭಾಗವಹಿಸಿದ್ದರೆ ಮಾತು ಬೇರೆ.

ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದ ‘ಬಿಡುಗಡೆ ಪತ್ರ’ವನ್ನು ಡೈವೋರ್ಸ್ ಅಂತ ಕಳಿಸುವವರೂ ಇದ್ದಾರೆ. ಅದನ್ನು ನಂಬಿಕೊಂಡು ಮುಂದಿನ ಮದುವೆಗೆ ಅರ್ಜಿ ಹಾಕಬೇಡಿ. ಇಬ್ಬರೂ ಒಪ್ಪಿದ್ದರೆ ಊರಿನ ಫ್ಯಾಮಿಲಿ ಕೋರ್ಟಿನಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ (ಪರಸ್ಪರ ಒಪ್ಪಿಗೆಯ ಡೈವೋರ್ಸ್) ಅಡಿ ಹಾಕಿ. ಒಂದು ವರ್ಷ ಬೇರೆ ಇದ್ದಿರಬೇಕು. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಬಂದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ, ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳಿ.