ಬ್ಯಾಚ್ ಅಪ್‌ಡೇಟ್ ಎಂದರೇನು?

ಡೇಟಾಬೇಸಿನ ದೊಡ್ಡ ಟೇಬಲ್‌ನ ಸಾಲುಗಳನ್ನು ಕೆಲವು ಸಾವಿರದ ಕಂತುಗಳಲ್ಲಿ ತಿದ್ದಿ, ಪ್ರತಿ ಕಂತಿಗೂ ಒಮ್ಮೆ ಕಮಿಟ್ ಮಾಡುವುದೇ, ಅಂದರೆ ಬದಲಾವಣೆಯನ್ನು ಖಾಯಂ ಮಾಡುವುದೇ, ಬ್ಯಾಚ್ ಅಪ್‌ಡೇಟ್.

ದಾವಣಗೆರೆ ಎಪಿಎಂಸಿಯಂಥ ಮಾರುಕಟ್ಟೆಯ ಮೆಕ್ಕೆಜೋಳದ ಆವಕದ ಲೆಕ್ಕ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿದೆ ಎಂದುಕೊಳ್ಳಿ. 50 ಲಕ್ಷ ಬಿಲ್ಲುಗಳಲ್ಲಿ ಸರಕಿನ ಕೋಡ್ ಬದಲಾಗಬೇಕು. ಒಂದೊಂದೇ ಬಿಲ್ ತಿದ್ದಿ ಕಮಿಟ್ ಮಾಡಿದರೆ, ಪ್ರತಿ ಸಲವೂ ಲಾಗ್ (ಬದಲಾವಣೆಗಳ ದಾಖಲೆ) ಡಿಸ್ಕಿಗೆ ಇಳಿಯುವ ತನಕ ಕಾಯಬೇಕು. ಒಂದಕ್ಕೆ 2 ಮಿಲಿಸೆಕೆಂಡ್ ಹಿಡಿದರೂ ಬರೀ ಕಾಯುವುದಕ್ಕೇ 10,000 ಸೆಕೆಂಡ್, ಹತ್ತಿರ ಹತ್ತಿರ ಎರಡೂಮುಕ್ಕಾಲು ಗಂಟೆ. 10,000 ಸಾಲಿನ ಕಂತು ಮಾಡಿದರೆ ಕಮಿಟ್ 500 ಸಾಕು, ಕಾಯುವುದು ಒಂದೇ ಸೆಕೆಂಡ್.

ಹಾಗೆಂದು 50 ಲಕ್ಷವನ್ನೂ ಒಂದೇ ಕಮಿಟ್‌ಗೆ ಕಟ್ಟಬಾರದು. ಪೋಸ್ಟ್‌ಗ್ರೆಸ್ ಹಳೆಯ ಸಾಲಿನ ಮೇಲೆಯೇ ಬರೆಯುವುದಿಲ್ಲ. ಹೊಸ ಪ್ರತಿ ಬರೆದು ಹಳೆಯದನ್ನು ಅಲ್ಲೇ ಬಿಡುತ್ತದೆ, ಟೇಬಲ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಿದ್ದಿದ ಸಾಲುಗಳ ಲಾಕ್ ಕೊನೆಯವರೆಗೂ ಬಿಡುವುದಿಲ್ಲವಾದ್ದರಿಂದ ಯಾರ್ಡಿನ ಕೌಂಟರಿನಲ್ಲಿ ಅದೇ ಬಿಲ್ ತಿದ್ದಲು ಹೋದವರು ಕಾಯುತ್ತಾ ಕೂರಬೇಕು. 49 ಲಕ್ಷ ಮುಗಿದ ಮೇಲೆ ಎಡವಿದರೆ ಅಷ್ಟೂ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕಂತು ಕತ್ತರಿಸಲು ಆಫ್‌ಸೆಟ್ (ಮೊದಲ ಇಷ್ಟು ಸಾಲು ಬಿಡು ಎನ್ನುವ ಸೂಚನೆ) ಬಳಸಲೇಬೇಡಿ. ಆಫ್‌ಸೆಟ್ 40 ಲಕ್ಷ ಎಂದರೆ ಅಷ್ಟೂ ಸಾಲು ದಾಟಿಕೊಂಡೇ ಮುಂದಿನದಕ್ಕೆ ಹೋಗುತ್ತದೆ. ಬಿಲ್ ಐಡಿಯ ಮೇಲೆ 1ರಿಂದ 10,000, 10,001ರಿಂದ 20,000 ಎಂದು ಸಾಗಿ. ಹೊಸ ಕೋಡ್ ಈಗಾಗಲೇ ಇರುವ ಸಾಲನ್ನು ಬಿಡುವ ಷರತ್ತನ್ನೂ ಸೇರಿಸಿ, ನಡುವೆ ನಿಂತರೆ ಮತ್ತೆ ಓಡಿಸಲು ಭಯವಿರುವುದಿಲ್ಲ.

ಮೆಮೊರಿ ತಿನ್ನುವುದು ಹೆಚ್ಚಾಗಿ ಡೇಟಾಬೇಸ್ ಅಲ್ಲ, ನಾವು ಬರೆದ ಪ್ರೋಗ್ರಾಂ. ಪೈಥಾನ್‌ನಲ್ಲಿ ಫೆಚ್‌ಆಲ್ ಎಂದರೆ ಅಷ್ಟೂ ಸಾಲು ರ್‍ಯಾಮ್‌ಗೆ ಬಂದು ಬೀಳುತ್ತವೆ. ಹೊಸ ಕೋಡುಗಳು ಫೈಲಿನಲ್ಲಿದ್ದರೆ ಕಾಪಿ ಕಮಾಂಡಿನಿಂದ ತಾತ್ಕಾಲಿಕ ಟೇಬಲ್‌ಗೆ ತುಂಬಿ, ಅದರ ಜತೆ ಜಾಯಿನ್ ಮಾಡಿ (ಸಾಲಿಗೆ ಸಾಲು ಹೊಂದಿಸಿ) ಸರ್ವರಿನಲ್ಲೇ ತಿದ್ದಿ. ತಾತ್ಕಾಲಿಕ ಟೇಬಲ್ಲನ್ನು ಆಟೊವ್ಯಾಕ್ಯೂಮ್ (ಟೇಬಲ್ಲುಗಳನ್ನು ತಾನಾಗಿ ಗುಡಿಸಿ, ಅಂಕಿಅಂಶ ಹೊಸದು ಮಾಡುವ ಹಿನ್ನೆಲೆ ಕೆಲಸ) ನೋಡುವುದಿಲ್ಲ. ಅಂಕಿಅಂಶ ಕಲೆಹಾಕುವ ಅನಲೈಜ್ ಕಮಾಂಡನ್ನು ಕೈಯಾರೆ ಕೊಡದಿದ್ದರೆ, ಕ್ವೆರಿ ನಡೆಸುವ ದಾರಿ ಆರಿಸುವ ಪ್ಲಾನರ್ ತಪ್ಪು ದಾರಿ ಹಿಡಿಯಬಹುದು.

ತಿದ್ದುವ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಇದ್ದರೆ ಟೇಬಲ್‌ನ ಉಳಿದ ಇಂಡೆಕ್ಸುಗಳಿಗೂ ಹೊಸ ನಮೂದು ಬೀಳುತ್ತದೆ. ತಿದ್ದುವ ಕಾಲಂನ ಆ ಇಂಡೆಕ್ಸನ್ನು ಮೊದಲು ತೆಗೆದು ಕೊನೆಗೆ ಕಟ್ಟಿದರೆ ಗೆಲುವು ದೊಡ್ಡದು, ಆದರೆ ಅಷ್ಟು ಹೊತ್ತು ಅದನ್ನು ನಂಬಿದ ಹುಡುಕಾಟಗಳು ನಿಧಾನ.

ಕೆಲವು ಕಂತುಗಳಿಗೊಮ್ಮೆ ಟ್ರಾನ್ಸಾಕ್ಷನ್ (ಒಂದೇ ಕಮಿಟ್‌ಗೆ ಸೇರುವ ಕೆಲಸಗಳ ಗುಂಪು) ಹೊರಗೆ, ಹಳೆಯ ಪ್ರತಿಗಳನ್ನು ಗುಡಿಸುವ ವ್ಯಾಕ್ಯೂಮ್ ಓಡಿಸಿ, ತೆರವಾದ ಜಾಗ ಮುಂದಿನ ಕಂತಿಗೆ ಸಿಗುತ್ತದೆ. ಟೇಬಲ್ ಆಗಲೂ ಉಬ್ಬುತ್ತಿದ್ದರೆ, ಈಗ ಯಾರು ಏನು ಓಡಿಸುತ್ತಿದ್ದಾರೆ ಎಂದು ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ತೆರೆದು ನೋಡಿ. ಬೆಳಿಗ್ಗೆ ಶುರುವಾದ ಯಾವುದೋ ವರದಿಯ ಕ್ವೆರಿ ಇನ್ನೂ ಓಡುತ್ತಿದ್ದರೆ, ಅದಾದ ಮೇಲೆ ಹಳತಾದ ಒಂದು ಸಾಲನ್ನೂ ವ್ಯಾಕ್ಯೂಮ್ ತೆಗೆಯಲಾರದು.