ಚಾರ್ಜ್: ಒಂದೇ ಹೊರೆ, ಹಲವು ಹೆಗಲು

ಅನುವಾದದ ಕರಡೊಂದನ್ನು ತಿದ್ದುತ್ತಿದ್ದಾಗ ಒಮ್ಮೆ "ದಾದಿಯು ತನ್ನ ಇಬ್ಬರು ಶುಲ್ಕಗಳೊಂದಿಗೆ ಉದ್ಯಾನಕ್ಕೆ ಬಂದಳು" ಎಂಬ ವಾಕ್ಯ ಎದುರಾಯಿತು. ಈ ಇಬ್ಬರು ಶುಲ್ಕಗಳು ಯಾರಿರಬಹುದೆಂದು ಮೂಲವನ್ನು ತೆರೆದು ನೋಡಿದರೆ, ಅಲ್ಲಿದ್ದದ್ದು ‘ಚಾರ್ಜ್’ ಎಂಬ ಇಂಗ್ಲಿಷ್ ಪದದ ಬಹುವಚನ ರೂಪ. ಒಬ್ಬರ ಪಾಲನೆಗೆ ಒಪ್ಪಿಸಿದ ಮಗುವನ್ನೂ ಇಂಗ್ಲಿಷಿನಲ್ಲಿ ಆ ಪದದಿಂದಲೇ ಕರೆಯುತ್ತಾರೆ. ಅನುವಾದಕರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ, ಏಕೆಂದರೆ ನಿಘಂಟಿನಲ್ಲಿ ಆ ಪದದ ಕೆಳಗೆ ಬೆಲೆ, ಆಪಾದನೆ, ದಾಳಿ, ವಿದ್ಯುತ್ತು, ಕೋವಿಯ ಮದ್ದು, ಅಧಿಕಾರ, ಆದೇಶ, ಆಸ್ತಿಯ ಮೇಲಿನ ಸಾಲ, ಕೊನೆಗೆ ಗುರಾಣಿಯ ಮೇಲೆ ಬಿಡಿಸಿದ ಸಿಂಹದ ಚಿತ್ರವೂ ಸಾಲಾಗಿ ನಿಂತಿರುತ್ತವೆ. ಇವುಗಳಲ್ಲಿ ಯಾವುದಕ್ಕೂ ಇನ್ನೊಂದರೊಡನೆ ನಂಟಿದ್ದಂತೆ ಮೇಲುನೋಟಕ್ಕೆ ಕಾಣುವುದಿಲ್ಲ. ನಂಟು ಇದೆ, ಅದು ಒಂದು ಬಂಡಿಯಿಂದ ಶುರುವಾಗುತ್ತದೆ.

ಈಗಿನ ಫ್ರಾನ್ಸ್ ಇರುವ ಪ್ರದೇಶದಲ್ಲಿ ನೆಲೆಸಿದ್ದ ಗಾಲ್ ಜನರ ಸಾಮಾನು ಬಂಡಿಯ ಹೆಸರನ್ನು ರೋಮನ್ನರು ‘ಕಾರುಸ್’ ಎಂದು ತಮ್ಮ ಲ್ಯಾಟಿನ್ನಿಗೆ ತೆಗೆದುಕೊಂಡರು. ಅದರಿಂದ ನಂತರದ ಲ್ಯಾಟಿನ್ನಿನಲ್ಲಿ ‘ಬಂಡಿಗೆ ಹೇರು’ ಎಂಬ ಅರ್ಥದ ‘ಕಾರಿಕಾರೆ’ ಎಂಬ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನಲ್ಲಿ ರೂಪ ಬದಲಿಸಿ, ಸುಮಾರು 13ನೇ ಶತಮಾನದಲ್ಲಿ ಇಂಗ್ಲಿಷಿಗೆ ಚಾರ್ಜ್ ಆಗಿ ಬಂದಿತು. ಕಾರ್, ಕ್ಯಾರಿ, ಕಾರ್ಗೋ ಎಂಬ ಪದಗಳೆಲ್ಲ ಇದೇ ಬಂಡಿಯ ಸಂತಾನ. ಮೂಗನ್ನೋ ಕಿವಿಯನ್ನೋ ಅಳತೆ ಮೀರಿ ಹಿಗ್ಗಿಸಿ ಬರೆಯುವ ಕ್ಯಾರಿಕೇಚರ್ ಕೂಡ ಇಟಾಲಿಯನ್ ದಾರಿಯಿಂದ ಬಂದ ಇವರ ಒಡಹುಟ್ಟು, ಏಕೆಂದರೆ ಅಲ್ಲಿಯೂ ಮಾಡುವುದು ಇದ್ದದ್ದರ ಮೇಲೆ ಇನ್ನಷ್ಟು ಹೇರುವುದನ್ನೇ. ಆದ್ದರಿಂದ ಚಾರ್ಜ್ ಎಂದರೆ ಮೊದಲು ಹೊರೆ, ಇಲ್ಲವೇ ಹೊರೆ ಹೊರಿಸುವುದು. ಉಳಿದ ಅರ್ಥಗಳು ಆ ಹೊರೆಯನ್ನು ಯಾರ ಹೆಗಲಿಗೆ ಏರಿಸಿದರು, ಯಾವುದರೊಳಗೆ ತುಂಬಿದರು ಎಂಬುದರ ಮೇಲೆ ನಿಂತಿವೆ.

ಕನ್ನಡಿಗರಿಗೆ ಇದು ಹೊಸ ವಿಚಾರವೇನಲ್ಲ. ನಾವು ಆರೋಪವನ್ನು ‘ಮಾಡುತ್ತೇವೆ’ ಎನ್ನುವುದಕ್ಕಿಂತ ಹೆಚ್ಚಾಗಿ ‘ಹೊರಿಸುತ್ತೇವೆ’. ಜವಾಬ್ದಾರಿಯನ್ನು ‘ಹೊರುತ್ತೇವೆ’. ಸಂಸ್ಕೃತದಿಂದ ಬಂದ ‘ಆರೋಪ’ ಎಂಬ ಪದಕ್ಕೂ ಮೂಲದಲ್ಲಿ ‘ಮೇಲೇರಿಸುವುದು’ ಎಂದೇ ಅರ್ಥ. ಕಚೇರಿಯ ‘ಪ್ರಭಾರ’, ‘ಕಾರ್ಯಭಾರ’ ಎಂಬ ಪದಗಳೊಳಗೆ ಭಾರ ಎದ್ದು ಕಾಣುವಂತೆಯೇ ಇದೆ. ಆಸ್ತಿ ಪತ್ರಗಳ ‘ಋಣಭಾರ’ವೂ ಹಾಗೆಯೇ, ಜಮೀನನ್ನೋ ಮನೆಯನ್ನೋ ಸಾಲಕ್ಕೆ ಆಧಾರವಾಗಿ ತೋರಿಸಿದಾಗ ಆ ಸ್ವತ್ತಿನ ಮೇಲೆ ಬೀಳುವ ಹಕ್ಕನ್ನು ಇಂಗ್ಲಿಷ್ ಕಾನೂನು ಚಾರ್ಜ್ ಎಂದೇ ಕರೆಯುತ್ತದೆ. ಎಲ್ಲೋ ದೂರದಲ್ಲಿ ಬೆಳೆದ ಭಾಷೆಯೊಂದು ಹೊಣೆ, ದೂರು, ಸಾಲಗಳನ್ನೆಲ್ಲ ತೂಕವಾಗಿಯೇ ಕಂಡಿದೆ, ನಾವೂ ಹಾಗೆಯೇ ಕಂಡಿದ್ದೇವೆ. ಇಷ್ಟು ಮನಸ್ಸಿನಲ್ಲಿದ್ದರೆ ನಿಘಂಟಿನ ಆ ಉದ್ದನೆಯ ಪಟ್ಟಿಯಲ್ಲಿ ಕಂಠಪಾಠ ಮಾಡಬೇಕಾದದ್ದು ಬಹಳ ಉಳಿಯುವುದಿಲ್ಲ.

ಇಂದು ಈ ಪದ ಹೆಚ್ಚು ಕೇಳಿಬರುವುದು ಮೊಬೈಲಿನ ಸಂದರ್ಭದಲ್ಲಿ, ಮತ್ತು ಹೊರೆಯ ಎಳೆ ಹೆಚ್ಚು ಮರೆಯಾಗಿರುವುದೂ ಅಲ್ಲಿಯೇ. ಬಂಡಿಯ ಹೊರೆಗೂ ವಿದ್ಯುತ್ತಿಗೂ ನಡುವೆ ಇರುವ ಕೊಂಡಿ ಕೋವಿ. ಕೋವಿಯೊಳಗೆ ಒಂದು ಗುಂಡಿಗೆ ಬೇಕಾದಷ್ಟು ಮದ್ದನ್ನು ಹಾಕಿ ಸಿದ್ಧಪಡಿಸುವುದನ್ನು, ಕನ್ನಡದಲ್ಲಿ ಬಾರು ಮಾಡುವುದು ಎನ್ನುವ ಕೆಲಸವನ್ನು, ಇಂಗ್ಲಿಷಿನವರು ಚಾರ್ಜ್ ಮಾಡುವುದೆಂದರು. ಅಷ್ಟು ಮದ್ದಿನ ಅಳತೆಯೂ ಚಾರ್ಜ್ ಆಯಿತು, ಅದು ಸಿಡಿದು ಹೊರಬಂದರೆ ಡಿಸ್ಚಾರ್ಜ್ ಆಯಿತು. 1745–46ರಲ್ಲಿ ಒಳಗೂ ಹೊರಗೂ ಲೋಹವಿದ್ದು ನಡುವೆ ಗಾಜಿರುವ ಲೈಡನ್ ಜಾಡಿ ಎಂಬ ಉಪಕರಣ ಬಂದಾಗ, ಅದರೊಳಗೆ ವಿದ್ಯುತ್ತನ್ನು ತುಂಬಿ, ಬೇಕಾದಾಗ ಒಂದೇ ಏಟಿಗೆ ಕಿಡಿಯಾಗಿ ಹೊರಬಿಡುವುದು ಸಾಧ್ಯವಾಯಿತು. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ 1747ರಿಂದ ಲಂಡನ್ನಿನ ಪೀಟರ್ ಕಾಲಿನ್ಸನ್ ಅವರಿಗೆ ಬರೆದ ಪತ್ರಗಳಲ್ಲಿ ಈ ಜಾಡಿಯ ಪ್ರಯೋಗಗಳನ್ನು ವರ್ಣಿಸುವಾಗ ಇದೇ ಕೋವಿಯ ಮಾತುಗಳು ಬರುತ್ತವೆ. ಹನ್ನೊಂದು ಗಾಜಿನ ಹಲಗೆಗಳನ್ನು ಜೋಡಿಸಿ ಒಟ್ಟಿಗೆ ತುಂಬಿ ಒಟ್ಟಿಗೆ ಹೊರಬಿಡುವ ಸಾಧನವೊಂದನ್ನು ಮಾಡಿದಾಗ ಅದಕ್ಕೆ ಅವರಿಟ್ಟ ಹೆಸರು ಬ್ಯಾಟರಿ. ಅದು ಆಗ ಸಾಲಾಗಿ ನಿಲ್ಲಿಸಿದ ಫಿರಂಗಿಗಳ ಗುಂಪಿಗಿದ್ದ ಸೈನಿಕ ಪದ. ಹೀಗಾಗಿ "ಬ್ಯಾಟರಿ ಚಾರ್ಜ್ ಆಗುತ್ತಿದೆ" ಎಂಬ ನಿರುಪದ್ರವಿ ವಾಕ್ಯದ ಎರಡು ಇಂಗ್ಲಿಷ್ ಪದಗಳೂ ತೋಪುಖಾನೆಯಿಂದ ಬಂದವು.

ಇಲ್ಲೊಂದು ತೊಡಕಿದೆ. ಭೌತಶಾಸ್ತ್ರದಲ್ಲಿ ಚಾರ್ಜ್ ಎಂದರೆ ತುಂಬುವ ಕ್ರಿಯೆಯಲ್ಲ, ಕಣಗಳಿಗೇ ಇರುವ ಒಂದು ಗುಣ. ಅದನ್ನು ಕೂಲಂಬ್ ಎಂಬ ಏಕಮಾನದಲ್ಲಿ ಅಳೆಯುತ್ತಾರೆ, ಅದರಲ್ಲಿ ಧನ, ಋಣ ಎಂಬ ಎರಡು ಬಗೆಗಳಿವೆ. ವಿದ್ಯುತ್ತು ಒಂದು ಬಗೆಯ ದ್ರವವೆಂದೂ ಅದು ಹೆಚ್ಚಿದ್ದರೆ ಧನ, ಕಡಿಮೆಯಿದ್ದರೆ ಋಣವೆಂದೂ ಫ್ರಾಂಕ್ಲಿನ್ ಊಹಿಸಿದ್ದರು; 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದಾಗ, ತಂತಿಯಲ್ಲಿ ನಿಜವಾಗಿ ಹರಿಯುವ ಆ ಕಣ ಋಣದ ಕಡೆಗೆ ಸೇರಿದ್ದು ತಿಳಿಯಿತು. ಅಷ್ಟು ಹೊತ್ತಿಗೆ ಚಿಹ್ನೆಗಳನ್ನು ಬದಲಿಸುವ ಕಾಲ ಮೀರಿತ್ತು. ಮೊಬೈಲಿನ ಬ್ಯಾಟರಿಯ ಮೇಲೆ 5000 ಮಿಲಿ ಆಂಪಿಯರ್-ಅವರ್ ಎಂದು ಬರೆದಿದ್ದರೆ, ಅದು ಪೂರ್ತಿ ಖಾಲಿಯಾಗುವಷ್ಟರಲ್ಲಿ 18,000 ಕೂಲಂಬ್ ಚಾರ್ಜ್ ಅದರ ಮೂಲಕ ಹರಿದುಹೋಗುತ್ತದೆ ಎಂದರ್ಥ. ಆದರೆ ಒಂದು ತುದಿಯಿಂದ ಹೊರಟಷ್ಟೇ ಚಾರ್ಜ್ ಇನ್ನೊಂದು ತುದಿಯಿಂದ ಒಳಗೆ ಬರುವುದರಿಂದ, ತುಂಬಿದ ಬ್ಯಾಟರಿಯಲ್ಲಿಯೂ ಬರಿದಾದ ಬ್ಯಾಟರಿಯಲ್ಲಿಯೂ ಒಟ್ಟು ಚಾರ್ಜ್ ಒಂದೇ, ಅದು ಸೊನ್ನೆ. ಖರ್ಚಾಗುವುದು ರಾಸಾಯನಿಕ ರೂಪದಲ್ಲಿ ಕೂಡಿಟ್ಟ ಶಕ್ತಿ. "ಚಾರ್ಜ್ ಖಾಲಿ" ಎಂಬ ನಮ್ಮ ದಿನನಿತ್ಯದ ಮಾತು ಕೋವಿಯ ಲೆಕ್ಕದಲ್ಲಿ ಸರಿ, ಭೌತಶಾಸ್ತ್ರದ ಲೆಕ್ಕದಲ್ಲಿ ತಪ್ಪು.

ಈ ಗುಣಕ್ಕೆ ಕನ್ನಡದ ಪಠ್ಯಪುಸ್ತಕಗಳು ಆರಿಸಿದ್ದು ‘ವಿದ್ಯುದಾವೇಶ’ ಎಂಬ ಪದವನ್ನು. ಇಲ್ಲಿ ಹೊರೆಯ ಎಳೆ ಕಡಿದುಹೋಗಿದೆ, ಏಕೆಂದರೆ ಆವೇಶವೆಂದರೆ ಒಳಹೊಕ್ಕು ಆವರಿಸಿಕೊಳ್ಳುವುದು. ಆದರೂ ಈ ಆಯ್ಕೆ ನನಗೆ ಇಷ್ಟ. ಇಂಗ್ಲಿಷಿನಲ್ಲಿ ಭಾವೋದ್ರೇಕದಿಂದ ಬಿಗಿದುಕೊಂಡ ಸಭೆಯನ್ನು, ಉದ್ವೇಗ ತುಂಬಿದ ಮಾತನ್ನು ‘ಚಾರ್ಜ್ಡ್’ ಎನ್ನುತ್ತಾರೆ. ಕನ್ನಡದಲ್ಲಿ ಅಂಥ ಭಾಷಣವನ್ನು ಆವೇಶದ ಭಾಷಣವೆನ್ನುವುದು ಈ ಪಾರಿಭಾಷಿಕ ಪದ ಬರುವುದಕ್ಕೆ ಮೊದಲಿನಿಂದಲೂ ಇತ್ತು. ಎರಡು ಭಾಷೆಗಳು ಬೇರೆ ಬೇರೆ ಬಾಗಿಲುಗಳಿಂದ ಹೊರಟು ಒಂದೇ ಅಂಗಳಕ್ಕೆ ಬಂದಿವೆ.

ಹಣದ ಅರ್ಥಕ್ಕೆ ಹೆಚ್ಚು ವಿವರಣೆ ಬೇಕಿಲ್ಲ: ಸೇವೆ ಪಡೆದವನ ಲೆಕ್ಕದ ಮೇಲೆ ಹೇರಿದ ಮೊತ್ತವೇ ಚಾರ್ಜ್. ವಸ್ತುವಿಗೆ ಇರುವುದು ಬೆಲೆ, ಮಾಡಿಕೊಟ್ಟ ಕೆಲಸಕ್ಕೆ ತೆಗೆದುಕೊಳ್ಳುವುದು ಚಾರ್ಜ್, ಎಂಬಷ್ಟು ಭೇದವನ್ನು ಇಂಗ್ಲಿಷ್ ಸಾಮಾನ್ಯವಾಗಿ ಉಳಿಸಿಕೊಂಡಿದೆ. ಈಗಾಗಲೇ ಹೇರಿದ್ದರ ಮೇಲೆ ಮತ್ತೊಂದು ಪದರ ಹೇರಿದರೆ ಸರ್‌ಚಾರ್ಜ್, ಅಂದರೆ ಅಧಿಭಾರ. ಭಾರ ಇಲ್ಲಿಯೂ ತಪ್ಪಲಿಲ್ಲ.

ನ್ಯಾಯಾಲಯದ ಚಾರ್ಜ್ ಹೀಗೆ ಹಗುರವಾಗಿ ದಾಟಿಹೋಗುವಂಥದ್ದಲ್ಲ. ಯಾರಾದರೂ ದೂರು ಕೊಟ್ಟ ಮಾತ್ರಕ್ಕೆ ಈ ಅರ್ಥದಲ್ಲಿ ಚಾರ್ಜ್ ಹುಟ್ಟುವುದಿಲ್ಲ. ಭಾರತದ ಪದ್ಧತಿಯಲ್ಲಿ ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವ ವರದಿಯನ್ನು ಚಾರ್ಜ್‌ಶೀಟ್ ಅಥವಾ ದೋಷಾರೋಪ ಪಟ್ಟಿ ಎನ್ನುತ್ತಾರೆ. ಅದನ್ನು ನೋಡಿ, ವಿಚಾರಣೆ ನಡೆಸುವಷ್ಟು ಆಧಾರವಿದೆಯೆಂದು ಮನವರಿಕೆಯಾದ ಬಳಿಕ ನ್ಯಾಯಾಧೀಶರು ಯಾವ ಕಲಮಿನ ಅಡಿಯಲ್ಲಿ ಯಾವ ಕೃತ್ಯಕ್ಕಾಗಿ ವಿಚಾರಣೆ ಎಂಬುದನ್ನು ಲಿಖಿತವಾಗಿ ಗೊತ್ತುಪಡಿಸುವುದು ಆರೋಪ ನಿಗದಿ. ಈ ಎರಡನೆಯದೇ ನಿಜವಾದ ಚಾರ್ಜ್. ಸುದ್ದಿಯಲ್ಲಿ ಎರಡನ್ನೂ ಒಂದೇ ಎಂಬಂತೆ ಬರೆಯುವುದರಿಂದ, ಪೊಲೀಸರ ವರದಿ ಸಲ್ಲಿಕೆಯಾದ ದಿನವೇ ನ್ಯಾಯಾಲಯವೂ ಅದನ್ನು ಒಪ್ಪಿತೆಂಬ ತಪ್ಪು ತಿಳಿವಳಿಕೆ ಓದುಗರಲ್ಲಿ ಉಂಟಾಗುತ್ತದೆ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಸಾಮಾನ್ಯ ನಾಗರಿಕರ ತಂಡವೊಂದು ತೀರ್ಮಾನಿಸುವ ಜ್ಯೂರಿ ಪದ್ಧತಿಯಿರುವ ದೇಶಗಳಲ್ಲಿ ಇದೇ ಪದಕ್ಕೆ ಇನ್ನೊಂದು ಕೆಲಸವಿದೆ: ತೀರ್ಪಿಗೆ ಕೂರುವ ಮುನ್ನ ಕಾನೂನು ಏನು ಹೇಳುತ್ತದೆಂದು ನ್ಯಾಯಾಧೀಶರು ಜ್ಯೂರಿಗೆ ಕೊಡುವ ತಿಳಿವಳಿಕೆಯನ್ನೂ ಚಾರ್ಜ್ ಎನ್ನುತ್ತಾರೆ. ಅಲ್ಲಿ ಹೊರಿಸುವುದು ದೋಷವನ್ನಲ್ಲ, ಕರ್ತವ್ಯವನ್ನು.

ಕರ್ತವ್ಯದ ಈ ಕವಲಿನಲ್ಲಿಯೇ ದಾದಿಯ ಮಕ್ಕಳು ಸಿಗುತ್ತಾರೆ. ಹೊಣೆಯೂ ಚಾರ್ಜ್, ಆ ಹೊಣೆಗೆ ಒಳಪಟ್ಟವರೂ ಚಾರ್ಜ್. ಕರಡಿನ ವಾಕ್ಯವನ್ನು "ತನ್ನ ಪಾಲನೆಯಲ್ಲಿದ್ದ ಇಬ್ಬರು ಮಕ್ಕಳೊಂದಿಗೆ" ಎಂದು ತಿದ್ದಿದೆ. ಈ ಕವಲಿನಲ್ಲಿ ಇಂಗ್ಲಿಷ್ ಕಲಿಯುವವರನ್ನು ಎಡವಿಸುವ ಸಣ್ಣ ಕಲ್ಲೊಂದಿದೆ. "ದಾದಿ ಮಗುವಿನ ಇನ್ ಚಾರ್ಜ್ ಆಫ್" ಎಂದರೆ ದಾದಿ ನೋಡಿಕೊಳ್ಳುವವಳು. ನಡುವೆ ‘ದ’ ಎಂಬ ಒಂದು ಪುಟ್ಟ ಪದವನ್ನು ಸೇರಿಸಿ ‘ಇನ್ ದ ಚಾರ್ಜ್ ಆಫ್’ ಎಂದು ಬರೆದರೆ ದಿಕ್ಕು ತಿರುಗಿ, ವಾಕ್ಯದ ಕರ್ತೃವೇ ಇನ್ನೊಬ್ಬರ ಪಾಲನೆಗೆ ಒಳಪಟ್ಟಂತಾಗುತ್ತದೆ. ಆಗ ಮಗು ದಾದಿಯನ್ನು ನೋಡಿಕೊಂಡೀತು! ಕನ್ನಡದಲ್ಲಿ ‘ಇನ್‌ಚಾರ್ಜ್’ ಎಂಬುದು ಬೇರೆಯೇ ಬಣ್ಣ ಪಡೆದಿದೆ. ಇಂಗ್ಲಿಷಿನಲ್ಲಿ ಅದು ಅಧಿಕಾರವನ್ನು ಸೂಚಿಸಿದರೆ, ನಮ್ಮ ಕಚೇರಿಯ ಮಾತಿನಲ್ಲಿ ‘ಇನ್‌ಚಾರ್ಜ್ ಪ್ರಾಂಶುಪಾಲರು’ ಅಥವಾ ‘ಪ್ರಭಾರ ಪ್ರಾಂಶುಪಾಲರು’ ಎಂದರೆ ಕಾಯಂ ಅಲ್ಲದವರು, ಇನ್ನೊಬ್ಬರು ಬರುವ ತನಕ ಹೊರೆ ಹೊತ್ತವರು.

ದಾಳಿಯ ಅರ್ಥದಲ್ಲಿ ಹೊರೆ ಎಂದರೆ ಮೈತೂಕ. ಕುದುರೆ, ಸವಾರ, ಈಟಿ ಎಲ್ಲದರ ಭಾರವನ್ನೂ ವೇಗದೊಂದಿಗೆ ಎದುರಾಳಿಯ ಮೇಲೆ ಹಾಕುವುದು ಚಾರ್ಜ್. 1854ರ ಅಕ್ಟೋಬರ್ 25ರಂದು ಕ್ರೈಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷರ ಹಗುರ ಅಶ್ವದಳ ತಪ್ಪಾಗಿ ಅರ್ಥವಾದ ಆದೇಶವೊಂದನ್ನು ಪಾಲಿಸಿ ರಷ್ಯನ್ ಫಿರಂಗಿಗಳ ಎದುರಿಗೇ ನುಗ್ಗಿ ನಷ್ಟಕ್ಕೊಳಗಾದ ಘಟನೆಯಿಂದ ಈ ಅರ್ಥ ಇಂಗ್ಲಿಷ್ ಓದುಗರ ನೆನಪಿನಲ್ಲಿ ಅಚ್ಚೊತ್ತಿತು. ಫುಟ್‌ಬಾಲಿನಲ್ಲಿ ಭುಜಕ್ಕೆ ಭುಜ ಕೊಟ್ಟು ಒತ್ತುವುದೂ, ಕ್ರಿಕೆಟ್ಟಿನಲ್ಲಿ ಬ್ಯಾಟರ್ ಕ್ರೀಸ್ ಬಿಟ್ಟು ಬೌಲರ್‌ನತ್ತ ಮುನ್ನುಗ್ಗುವುದೂ ಇದರ ತಗ್ಗಿದ ರೂಪಗಳು. ‘ಲಾಠಿ ಚಾರ್ಜ್’ ಅನ್ನು ನಾವು ‘ಲಾಠಿ ಪ್ರಹಾರ’ ಎಂದು ಅನುವಾದಿಸುತ್ತೇವೆ. ಆದರೆ ಪ್ರಹಾರವೆಂದರೆ ಹೊಡೆತ, ಚಾರ್ಜ್ ಎಂದರೆ ನುಗ್ಗುವುದು. ಅನುವಾದದಲ್ಲಿ ನುಗ್ಗಾಟ ಬಿಟ್ಟುಹೋಗಿ ಏಟು ಮಾತ್ರ ಉಳಿದಿದೆ. ಗುರಾಣಿಯ ಸಿಂಹದ ಬಗ್ಗೆ ಹೇಳುವುದು ಕಡಿಮೆ: ಲಾಂಛನದ ಬರಿಯ ಹಿನ್ನೆಲೆಯ ಮೇಲೆ ಏರಿಸಿದ ಚಿತ್ರವಾದ್ದರಿಂದ ಅದೂ ಒಂದು ಹೊರೆ.

ಇಷ್ಟೊಂದು ಅರ್ಥಗಳಿದ್ದರೂ ಇಂಗ್ಲಿಷ್ ಬಲ್ಲವರಿಗೆ ಗೊಂದಲವಾಗದಿರುವುದಕ್ಕೆ ಮುಖ್ಯ ಕಾರಣ ಜೊತೆಗೆ ಬರುವ ಪುಟ್ಟ ಪದಗಳು. ಚಾರ್ಜ್ ‘ಫಾರ್’ ಎಂದರೆ ಹಣ, ‘ವಿತ್’ ಎಂದರೆ ಆರೋಪ ಅಥವಾ ಹೊಣೆ, ‘ಅಟ್’ ಎಂದರೆ ದಾಳಿ, ‘ಟು’ ಎಂದರೆ ಯಾರ ಖಾತೆಗೆ ಎಂಬುದು. ಫೋನಿಗಾಗಿ ಒಬ್ಬನನ್ನು ಚಾರ್ಜ್ ‘ಫಾರ್’ ಮಾಡಿದರೆ ಅವನು ದುಡ್ಡು ಕೊಟ್ಟು ಮನೆಗೆ ಹೋಗುತ್ತಾನೆ, ಫೋನ್ ಕದ್ದದ್ದಕ್ಕೆ ಚಾರ್ಜ್ ‘ವಿತ್’ ಮಾಡಿದರೆ ಕಟಕಟೆಗೆ ಹೋಗುತ್ತಾನೆ. ಪದವನ್ನು ಎರವಲು ತಂದ ಕನ್ನಡ ಈ ಪುಟ್ಟ ಪದಗಳನ್ನು ಅಲ್ಲಿಯೇ ಬಿಟ್ಟು, ಅದೇ ಕೆಲಸವನ್ನು ತನ್ನ ವಿಭಕ್ತಿಗೂ ಕ್ರಿಯಾಪದಕ್ಕೂ ಒಪ್ಪಿಸಿತು. ಫೋನನ್ನು ಚಾರ್ಜಿ‘ಗೆ ಹಾಕುತ್ತೇವೆ’, ಹೊಸ ಅಧಿಕಾರಿ ಚಾರ್ಜ್ ‘ವಹಿಸಿಕೊಳ್ಳುತ್ತಾರೆ’, ಸೇವೆ ಕೊಟ್ಟವನು ಜಾಸ್ತಿ ಚಾರ್ಜ್ ‘ಮಾಡುತ್ತಾನೆ’. "ಚಾರ್ಜ್ ತೆಗೆದುಕೊಂಡರು" ಎಂಬುದೊಂದೇ ಇಬ್ಬಗೆಯಾಗಿ ಉಳಿದಿದೆ. ಅವರು ತೆಗೆದುಕೊಂಡದ್ದು ಅಧಿಕಾರವೋ ಹಣವೋ ಎಂಬುದನ್ನು ಹಿಂದುಮುಂದಿನ ಮಾತಿನಿಂದಲೇ ತಿಳಿಯಬೇಕು.

ಹೊರಿಸಿದ್ದನ್ನು ಇಳಿಸುವುದು ಡಿಸ್ಚಾರ್ಜ್. ರೋಗಿ ಆಸ್ಪತ್ರೆಯಿಂದ, ಸೈನಿಕ ದಳದಿಂದ, ಗುಂಡು ಕೋವಿಯಿಂದ, ಕೀವು ಗಾಯದಿಂದ ಹೊರಬಂದರೂ ಪದ ಒಂದೇ. ನದಿಯಲ್ಲಿ ಒಂದು ಸೆಕೆಂಡಿಗೆ ಹರಿದುಹೋಗುವ ನೀರಿನ ಪ್ರಮಾಣವೂ ಡಿಸ್ಚಾರ್ಜ್. ಸಾಲವನ್ನೋ ಕರ್ತವ್ಯವನ್ನೋ ಡಿಸ್ಚಾರ್ಜ್ ಮಾಡುವುದೆಂದರೆ ತೀರಿಸುವುದು, ನೆರವೇರಿಸುವುದು. ನ್ಯಾಯಾಲಯದ ಡಿಸ್ಚಾರ್ಜ್ ಬಗ್ಗೆ ಮಾತ್ರ ಅನುವಾದಕರು ಎಚ್ಚರವಾಗಿರಬೇಕು. ಭಾರತದಲ್ಲಿ ಆರೋಪ ನಿಗದಿಗೆ ಸಾಕಷ್ಟು ಆಧಾರವಿಲ್ಲವೆಂದು ವಿಚಾರಣೆಗೆ ಮೊದಲೇ ಬಿಡುವುದು ಡಿಸ್ಚಾರ್ಜ್. ವಿಚಾರಣೆ ಮುಗಿದು ನಿರ್ದೋಷಿಯೆಂದು ಬಿಡುಗಡೆ ಮಾಡುವುದು ಖುಲಾಸೆ. ಇಂಗ್ಲೆಂಡಿನಲ್ಲಿಯಾದರೋ ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ ಶಿಕ್ಷೆಯಿಲ್ಲದೆ ಕಳಿಸುವುದಕ್ಕೂ ಡಿಸ್ಚಾರ್ಜ್ ಎನ್ನುತ್ತಾರೆ. ಅಲ್ಲಿಂದ ಬಂದ ಸುದ್ದಿಯನ್ನು ‘ಆರೋಪಮುಕ್ತ’ ಎಂದು ಕನ್ನಡಿಸಿದರೆ, ಶಿಕ್ಷೆಯ ಜೊತೆಗೆ ಅಪರಾಧವನ್ನೂ ಅನುವಾದಕರೇ ಅಳಿಸಿದಂತಾಗುತ್ತದೆ.