ಅವ್ವನ ಅವ್ವನ ಅವ್ವ: ‘ಎಂ’ ಎಂಬ ಎಳೆ ನಡೆದು ಬಂದ ದಾರಿ

ನಮ್ಮ ಕಡೆ ಅಪ್ಪ ತೀರಿಕೊಂಡ ಮೇಲೆ ಹೊಲದ ಖಾತೆ ಬದಲಾಗಬೇಕಾದರೆ ವಂಶಾವಳಿ ಬೇಕು. ನಾಡಕಚೇರಿಗೆ ಅರ್ಜಿ ಹಾಕಿ ತರುವ ಆ ಹಾಳೆಯಲ್ಲಿ ಅಜ್ಜ, ಅಜ್ಜನ ಅಪ್ಪ, ಅವನ ಅಣ್ಣತಮ್ಮಂದಿರು ಸಾಲಾಗಿ ನಿಂತಿರುತ್ತಾರೆ. ಈಗೀಗ ಹೆಣ್ಣುಮಕ್ಕಳ ಹೆಸರೂ ಬರುತ್ತದೆ. ಆದರೆ ಅವ್ವನ ಅವ್ವ ಯಾರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಹೋದ ವರ್ಷ ಅಂಥದ್ದೊಂದು ಹಾಳೆ ಹಿಡಿದು ಬಳ್ಳಾರಿಯ ಮನೆಗೆ ಬಂದವನು ಅವ್ವನನ್ನು ಕೇಳಿದೆ. ತನ್ನ ತಾಯಿಯ ಹೆಸರು ಹೇಳಿದಳು. ಆ ತಾಯಿಯ ತಾಯಿಯ ಹೆಸರನ್ನೂ ಹೇಳಿದಳು. ಅದರ ಹಿಂದಿನದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಕಿ ಸಿಂಧನೂರು ಕಡಿಯಾಕಿ ಅಂತಿದ್ರು’ ಅಂದಳು. ಅಲ್ಲಿಗೆ ಮುಗಿಯಿತು.

ನೆನಪು ಮುಗಿಯಿತು, ಅಷ್ಟೇ. ಮೈಯೊಳಗೆ ಆ ಸಾಲು ಇನ್ನೂ ಇದೆ. ಉಗುಳು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡವರ ಕೈಗೆ ಈಗ ‘ಎಂ2’, ‘ಯು2’ ಅಂತ ತಾಯಿಯ ಕಡೆಯ ಒಂದು ಗುರುತು ಬರುತ್ತದೆ. ನಮ್ಮಲ್ಲಿ ಹೆಚ್ಚು ಜನಕ್ಕೆ ಬರುವುದು ಎಂ ಗುಂಪಿನದು. ಬಂದ ಕೂಡಲೇ ಜಗಳವೂ ಶುರು. ಒಬ್ಬರು ‘ನೋಡಿ, ನಾವೇ ಈ ನೆಲದ ಮೂಲದವರು’ ಅನ್ನುತ್ತಾರೆ. ಇನ್ನೊಬ್ಬರು ಅದೇ ಅಕ್ಷರ ತೋರಿಸಿ ‘ಹೊರಗಿನಿಂದ ಯಾರೂ ಬಂದೇ ಇಲ್ಲ’ ಅನ್ನುತ್ತಾರೆ. ಒಂದೇ ಅಕ್ಷರ ಇಬ್ಬರಿಗೂ ಸಾಕ್ಷಿ ಆಗಿದ್ದು ಹೇಗೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಅನ್ನುವ ಸಣ್ಣ ಸಣ್ಣ ಒಲೆಗಳಿವೆ. ಉಂಡಿದ್ದನ್ನು ಕಸುವಾಗಿ ಮಾಡುವುದು ಅವುಗಳ ಕೆಲಸ. ಅವಕ್ಕೆ ತಮ್ಮದೇ ಒಂದು ಪುಟ್ಟ ಡಿಎನ್‌ಎ ಇದೆ. ಎ, ಸಿ, ಜಿ, ಟಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ ಬರೆದದ್ದು. ಒಟ್ಟು 16,569 ಅಕ್ಷರ, 37 ಜೀನು. ಇದು ಬರುವುದು ತಾಯಿಯ ಅಂಡದಿಂದ. ಅಪ್ಪನ ವೀರ್ಯಾಣುವಿನ ಮೈಟೊಕಾಂಡ್ರಿಯ ಒಳಗೆ ಹೋದರೂ ಅಂಡವೇ ಅದನ್ನು ಹುಡುಕಿ ಕರಗಿಸಿಬಿಡುತ್ತದೆ. ಹಾಗಾಗಿ ಮಗ, ಮಗಳು ಇಬ್ಬರಿಗೂ ಸಿಗುವುದು ಅವ್ವನದು. ಮುಂದಕ್ಕೆ ದಾಟಿಸುವುದು ಮಗಳು ಮಾತ್ರ. ನಾವು ಕಳ್ಳುಬಳ್ಳಿ ಅನ್ನುತ್ತೇವಲ್ಲ, ಅದು ನಿಜವಾಗಿ ಬಳ್ಳಿಯ ಹಾಗೆ ಹಬ್ಬುವುದು ಇಲ್ಲಿ. ಗಂಡು ಹುಟ್ಟದಿದ್ದರೆ ವಂಶ ನಿಂತಿತು ಅಂತ ಎಷ್ಟು ಮನೆಗಳಲ್ಲಿ ಸೊಸೆಯರನ್ನು ಅಳಿಸಿದ್ದಾರೋ! ಈ ಎಳೆಯ ಲೆಕ್ಕದಲ್ಲಿ ಬರೀ ಗಂಡುಮಕ್ಕಳನ್ನು ಹೆತ್ತವಳ ಸಾಲು ನಿಲ್ಲುತ್ತದೆ.

ಹೀಗೆ ದಾಟುವಾಗ ಸಾವಿರಾರು ವರ್ಷಕ್ಕೊಮ್ಮೆ ಒಂದು ಅಕ್ಷರ ತಪ್ಪಿಹೋಗುತ್ತದೆ. ಕೈಯಿಂದ ಕೈಗೆ ನಕಲಾದ ಓಲೆಗರಿಯಲ್ಲಿ ಒಂದು ಕಾಗುಣಿತ ತಪ್ಪಿದರೆ ಮುಂದಿನ ನಕಲುಗಳಲ್ಲೆಲ್ಲ ಅದೇ ತಪ್ಪು ಇರುತ್ತದೆ, ಅಲ್ವಾ? ಇದೂ ಹಾಗೇ. ಒಂದೇ ತಪ್ಪು ಹೊತ್ತವರೆಲ್ಲ ಎಂದೋ ಒಬ್ಬ ತಾಯಿಯ ಮಕ್ಕಳು.

ಇದು ಗೊತ್ತಾಗುವ ಮೊದಲು ಜನರ ಮೂಲ ಹುಡುಕಲು ಮೂಗು ಅಳೆದರು, ತಲೆಬುರುಡೆ ಅಳೆದರು, ರಕ್ತದ ಗುಂಪು ನೋಡಿದರು. 1901ರ ಜನಗಣತಿಯ ಹೊತ್ತಿಗೆ ಜಾತಿಗೊಂದು ಮೂಗಿನ ಅಳತೆ ಕಟ್ಟಿಟ್ಟಿದ್ದರು. 1981ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮೈಟೊಕಾಂಡ್ರಿಯದ ಅಕ್ಷರಗಳನ್ನು ಪೂರ್ತಿ ಓದಿದರು. 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಬೇರೆ ಬೇರೆ ಖಂಡಗಳ 147 ಜನರ ಮೈಟೊಕಾಂಡ್ರಿಯ ಹೋಲಿಸಿದರು. ಎಲ್ಲ ಸಾಲುಗಳೂ ಸುಮಾರು 2 ಲಕ್ಷ ವರ್ಷ ಹಿಂದೆ ಆಫ್ರಿಕಾದಲ್ಲಿದ್ದ ಒಬ್ಬ ಹೆಂಗಸಿಗೆ ಹೋಗಿ ಸೇರಿದವು. ಆಗ ಅವಳೊಬ್ಬಳೇ ಇದ್ದಳು ಅಂತಲ್ಲ. ಅವಳ ವಾರಿಗೆಯ ಬೇರೆ ಹೆಂಗಸರ ಸಾಲು ಎಲ್ಲೋ ಒಂದು ಕಡೆ ಮಗಳಿಲ್ಲದೆ ನಿಂತುಹೋಯಿತು.

ಒಂದೇ ತಪ್ಪು ಹೊತ್ತ ಇಂಥ ಗುಂಪುಗಳಿಗೆ ಅಕ್ಷರದ ಹೆಸರು ಬಂದಿದ್ದು 1990ರ ದಶಕದ ಮೊದಲ ವರ್ಷಗಳಲ್ಲಿ. ಅಮೆರಿಕದ ಮೂಲನಿವಾಸಿಗಳ ತಾಯಿ-ಸಾಲಿನ ಗುಂಪುಗಳಿಗೆ ಎ, ಬಿ, ಸಿ, ಡಿ ಅಂತ ಹೆಸರಿಟ್ಟರು. ಏಷ್ಯಾದ ದೊಡ್ಡ ಗುಂಪಿಗೆ ಎಂ ಬಂತು. ಸಿ ಮತ್ತು ಡಿ ಎರಡೂ ಎಂನದೇ ಸಂತತಿ ಅಂತ ಆಮೇಲೆ ತಿಳಿಯಿತು. ಅಂದರೆ ಮರಿಮಕ್ಕಳಿಗೆ ಮೊದಲು ನಾಮಕರಣ ಆಗಿತ್ತು, ಅಜ್ಜಿಗೆ ಆಮೇಲೆ! ಹಾಗಾಗಿ ಅಕ್ಷರದಲ್ಲಿ ಮೇಲು ಕೀಳು ಹುಡುಕುವುದರಲ್ಲಿ ಅರ್ಥವಿಲ್ಲ.

ಎಂ ಗುರುತು ಹಿಡಿಯುತ್ತಿದ್ದ ರೀತಿ ಚೆನ್ನಾಗಿದೆ. 10,400ನೇ ಜಾಗದಲ್ಲಿ ಸಿ ಇದ್ದದ್ದು ಟಿ ಆಗಿರುತ್ತದೆ. ಆಗ ಅಲ್ಲಿ ಎ-ಜಿ-ಸಿ-ಟಿ ಅನ್ನುವ ನಾಲ್ಕಕ್ಷರದ ಸಾಲು ಮೂಡುತ್ತದೆ. ಆ ನಾಲ್ಕಕ್ಷರ ಕಂಡಲ್ಲಿ ಮಾತ್ರ ಕತ್ತರಿಸುವ ಎಂಜೈಮ್ ಒಂದಿದೆ, ಹೆಸರು ಅಲು-ಒನ್. ಆ ತುಣುಕು ಡಿಎನ್‌ಎಗೆ ಎಂಜೈಮ್ ಬೆರೆಸಿ ತುಣುಕುಗಳನ್ನು ಉದ್ದದ ಮೇಲೆ ಬೇರೆ ಮಾಡುವ ಜೆಲ್ ಅನ್ನುವ ಲೋಳೆ ಹಾಸಿನ ಮೇಲೆ ಓಡಿಸಬೇಕು. ಆ ಜಾಗದಲ್ಲಿ ಕತ್ತರಿ ಬಿದ್ದಿದ್ದರೆ ಒಂದು ಪಟ್ಟಿಯ ಕಡೆ ಎರಡು ಪಟ್ಟಿ ಕಾಣುತ್ತವೆ. ಎರಡು ಕಂಡರೆ ಎಂ. ಪೂರ್ತಿ ಓದುವುದು ದುಬಾರಿಯಾಗಿದ್ದ ಕಾಲದಲ್ಲಿ ಸಾವಿರಾರು ಜನರ ತಾಯಿ-ಸಾಲನ್ನು ಹೀಗೇ ಎಣಿಸಿದರು. ಭಾರತದಲ್ಲಿ ನೂರಕ್ಕೆ ಸುಮಾರು 60 ಜನ ಎಂ. ಉಳಿದವರಲ್ಲಿ ಯು2, ಆರ್‌5, ಆರ್‌6 ಅಂತ ಇಲ್ಲೇ ಹಳೆಯದಾಗಿ ಬೇರು ಬಿಟ್ಟ ಸಾಲುಗಳು ಬೇಕಾದಷ್ಟಿವೆ.

ಕತೆ ನಿಜವಾಗಿ ಸಿಕ್ಕುಗಟ್ಟಿದ್ದು 1999ರಿಂದ. ಆ ವರ್ಷ ಎರಡು ಅಧ್ಯಯನ ಬಂದವು. ಒಂದರ ಪ್ರಕಾರ ಇಥಿಯೋಪಿಯಾದಲ್ಲೂ ಎಂ ಇದೆ, ಆದ್ದರಿಂದ ಅದು ಪೂರ್ವ ಆಫ್ರಿಕಾದಲ್ಲಿ ಹುಟ್ಟಿ ಕಡಲ ದಂಡೆ ಹಿಡಿದು ಭಾರತಕ್ಕೆ ಬಂತು. ಇನ್ನೊಂದು ಭಾರತದ ತಾಯಿ-ಸಾಲುಗಳನ್ನೇ ನೋಡಿತು. ಪಶ್ಚಿಮದಿಂದ ಈಚೆಗೆ ಬಂದ ಸಾಲುಗಳು ಇಲ್ಲಿ ಕಡಿಮೆ, ಬಹುಪಾಲು ತುಂಬಾ ಹಳೆಯವು ಅಂದಿತು. ಹಾಗಾದರೆ ಎಂ ಹುಟ್ಟಿದ್ದು ಎಲ್ಲಿ? ಅಲ್ಲೋ ಇಲ್ಲೋ?

ಮುಂದಿನ ಏಳೆಂಟು ವರ್ಷ ಇದೇ ಹುಡುಕಾಟ. ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಜೊತೆಗಾರರು 2005ರಲ್ಲಿ ಅಂಡಮಾನಿನವರ ಪೂರ್ತಿ ಮೈಟೊಕಾಂಡ್ರಿಯ ಓದಿದರು. ಎಂನ ಬುಡದಿಂದಲೇ ಒಡೆದ ಎರಡು ಹಳೆಯ ಕವಲು ಸಿಕ್ಕವು, ಎಂ31 ಮತ್ತು ಎಂ32. 2006ರಲ್ಲಿ ಇಥಿಯೋಪಿಯಾದ ಗಂಟೂ ಬಿಚ್ಚಿತು. ಅಲ್ಲಿನ ಎಂ1 ಸುಮಾರು 40ರಿಂದ 45 ಸಾವಿರ ವರ್ಷ ಹಿಂದೆ ಪಶ್ಚಿಮ ಏಷ್ಯಾದಿಂದ ಆಫ್ರಿಕಾಕ್ಕೆ ಮರಳಿ ಹೋದ ಕವಲು ಅಂತ ಆ ಅಧ್ಯಯನ ವಾದಿಸಿತು. ಬೇರೆ ಊರಿಗೆ ಹೋದ ಮಗಳ ಸಂತತಿ ತವರಿಗೆ ಬಂದು ನೆಲೆಸಿದ ಹಾಗೆ. ಅದೇ ಹೊತ್ತಿಗೆ ಭಾರತದೊಳಗಿನ ಎಂ ಬಿಡಿಸಿ ನೋಡಿದರೆ ಎಂ2, ಎಂ3, ಎಂ6 ಅಂತ ಕವಲಿನ ಮೇಲೆ ಕವಲು. ಅವು ಒಂದರಿಂದ ಒಂದು ಬಂದಿಲ್ಲ, ಎಲ್ಲ ನೇರ ಬುಡದಿಂದ ಎದ್ದಿವೆ. ಒಂದೇ ಮಳೆಗೆ ಹೊಲದ ತುಂಬಾ ಮೊಳಕೆ ಎದ್ದ ಹಾಗೆ, ಬಂದ ಜನ ಬೇಗ ಬೇಗ ಹರಡಿಕೊಂಡಿದ್ದಾರೆ. ಎಂ2 ಈ ಕವಲುಗಳಲ್ಲಿ ತುಂಬಾ ಹಳೆಯದು, ದಕ್ಷಿಣದಲ್ಲಿ ಜಾಸ್ತಿ.

2009ರಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯವರು ಎಂ42 ಅನ್ನುವ ಕವಲನ್ನು ಹಿಡಿದರು. ಅದರ ಒಂದು ಕೊಂಬೆ ಭಾರತದ ಬುಡಕಟ್ಟುಗಳಲ್ಲಿದೆ. ಇನ್ನೊಂದು ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿದೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕುಡುಗೋಲೂ ಇಲ್ಲದ, ಗಡಿಗೆಯೂ ಇಲ್ಲದ ಕಾಲದಲ್ಲಿ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆದ ಹೆಂಗಸರು ಅವರು.

ಎಂದು ಬಂದರು? ಈ ಪ್ರಶ್ನೆಗೆ ನಮ್ಮ ಪಕ್ಕದ ಕರ್ನೂಲು ಸೀಮೆಯಲ್ಲೇ ಒಂದು ಪಂದ್ಯ ನಡೆದಿದೆ. ಬನಗಾನಪಲ್ಲಿ ಹತ್ತಿರದ ಜ್ವಾಲಾಪುರದಲ್ಲಿ ಬೂದಿಯ ದಪ್ಪ ಪದರ ಇದೆ. ನಮ್ಮ ಕುಡತಿನಿಯ ಬೂದಿದಿಬ್ಬದಂಥದ್ದಲ್ಲ ಅದು. ಕುಡತಿನಿಯದು ದನಗಾಹಿಗಳು ಸುಟ್ಟ ಸಗಣಿ. ಜ್ವಾಲಾಪುರದ್ದು ಸುಮಾರು 74,000 ವರ್ಷ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಉಗುಳಿದ್ದು. ಧಾರವಾಡದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತಿತರರು 2007ರಲ್ಲಿ ಪ್ರಕಟಿಸಿದ್ದು ಇಷ್ಟು: ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳಿವೆ. ಅಂದರೆ ನಮ್ಮಂಥ ಮನುಷ್ಯರು ಟೋಬಾಗಿಂತ ಮೊದಲೇ ಇಲ್ಲಿರಬಹುದು. ಆದರೆ ತಪ್ಪಿದ ಅಕ್ಷರಗಳನ್ನು ಎಣಿಸಿ ಕಾಲ ಹೇಳುವ ಡಿಎನ್‌ಎ ಗಡಿಯಾರ ಎಂಗೆ ಕೊಡುವ ವಯಸ್ಸು 50ರಿಂದ 60 ಸಾವಿರ ವರ್ಷದ ಆಸುಪಾಸು. 2013ರಲ್ಲಿ ಇನ್ನೊಂದು ತಂಡ ಇದನ್ನೇ ಮುಂದಿಟ್ಟು, ಬಂದಿದ್ದು ಟೋಬಾ ನಂತರವೇ ಅಂತ ವಾದಿಸಿತು. ನನಗೆ ಎರಡೂ ನಿಜವಾಗಿರಬಹುದು ಅನಿಸುತ್ತದೆ. ಮೊದಲು ಬಂದವರ ತಾಯಿ-ಸಾಲು ನಿಂತುಹೋಗಿ, ಆಮೇಲೆ ಬಂದವರದು ಉಳಿದಿರಬಹುದು.

ಇಷ್ಟರವರೆಗೆ ಇದು ಹತ್ತಾರು ಸಾವಿರ ವರ್ಷಗಳ ಮಾತು. ಜಾತಿ ನಡುವೆ ಬಂದಿದ್ದು 2001ರಲ್ಲಿ. ವಿಶಾಖಪಟ್ಟಣದ ಜಾತಿಗಳ ಮೇಲಿನ ಒಂದು ಅಧ್ಯಯನ, ಅಪ್ಪನಿಂದ ಮಗನಿಗಷ್ಟೇ ದಾಟುವ ವೈ ಕ್ರೋಮೋಸೋಮಿನ ತಂದೆ-ಸಾಲಿನಲ್ಲಿ ಮೇಲ್ಜಾತಿಗಳು ಯುರೋಪಿನವರಿಗೆ ಹತ್ತಿರ ಅಂದಿತು. ತಾಯಿ-ಸಾಲಿನಲ್ಲಿ ಎಲ್ಲರೂ ಹೆಚ್ಚಾಗಿ ಏಷ್ಯಾದವರೇ. 2003ರಲ್ಲಿ ಬಂದ ಇನ್ನೊಂದು, ಬುಡಕಟ್ಟು ಮತ್ತು ಜಾತಿಗಳೆರಡರಲ್ಲೂ ಮೊದಲು ಬಂದವರ ಎಳೆಯೇ ಉಳಿದಿದೆ ಅಂದಿತು. ಗಂಡಸರ ಸಾಲು ಹಿಡಿದವರಿಗೆ ವಲಸೆ ಕಂಡಿತು. ಹೆಂಗಸರ ಸಾಲು ಹಿಡಿದವರಿಗೆ ಅದು ಕಾಣಲಿಲ್ಲ. ಒಂದೇ ಕೌದಿಯ ಎರಡು ಮಗ್ಗುಲು ನೋಡಿ ಇಬ್ಬರೂ ಹಟ ಹಿಡಿದರು. 2009ರ ನಂತರ ಇಡೀ ಡಿಎನ್‌ಎ ಓದುವ ಕಾಲ ಬಂತು. ಇವತ್ತಿನ ಬಹುತೇಕ ಭಾರತೀಯರು ಮಿಶ್ರಣವೇ, ಸುಮಾರು 4,200ರಿಂದ 1,900 ವರ್ಷ ಹಿಂದಿನ ನಡುವೆ ಜೋರಾಗಿ ಬೆರೆತವರು ಅಂತ 2013ರಲ್ಲಿ ಬಂತು. ಯುರೋಪು-ಏಷ್ಯಾ ನಡುವಿನ ದೊಡ್ಡ ಹುಲ್ಲುಗಾವಲಿನ (ಸ್ಟೆಪ್) ಕಡೆಯಿಂದ ಬಂದವರಲ್ಲಿ ಗಂಡಸರ ಪಾಲು ಜಾಸ್ತಿ ಅಂತ 2017ರ ಅಧ್ಯಯನ ಹೇಳಿತು.

ಇಲ್ಲೊಂದು ಮಾತು ಹೇಳಲೇಬೇಕು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬರಿಗೆ 1,024 ಹಿರಿಯರ ಜಾಗಗಳಿವೆ. ತಾಯಿ-ಸಾಲು ಅದರಲ್ಲಿ ಒಂದೇ ಒಂದು. ಆ ಒಂದರಿಂದ ಇಡೀ ಮನುಷ್ಯನ ಜಾತಿ, ನೆಲದ ಹಕ್ಕು ತೀರ್ಮಾನ ಮಾಡುವುದು ಸರಿಯಲ್ಲ. ಆದರೆ ಆ ಒಂದು ಎಳೆ ಎಲ್ಲ ಕೇರಿಗಳನ್ನೂ ಹೊಕ್ಕಿದೆ ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ. ಎಂ ಬುಡಕಟ್ಟಿನವರಲ್ಲಿದೆ, ದಲಿತರಲ್ಲಿದೆ, ಒಕ್ಕಲು ಮಕ್ಕಳಲ್ಲಿದೆ, ಬ್ರಾಹ್ಮಣರಲ್ಲಿದೆ, ಮುಸ್ಲಿಮರಲ್ಲಿದೆ.

ನಮ್ಮ ಕಡೆಯ ಸಂಬಂಧಗಳು ಇದಕ್ಕೆ ಇನ್ನೊಂದು ಹೊರಳು ಕೊಟ್ಟಿವೆ. ಬೆಡಗು, ಅಂದರೆ ಮನೆತನದ ಬಳಿ, ಅಪ್ಪನದು. ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೋಗುವವಳು ಹೆಣ್ಣುಮಗಳು. ಹಾಗಾಗಿ ತಾಯಿಯ ಎಳೆ ತಲೆಮಾರಿಗೊಂದು ಊರು ದಾಟುತ್ತದೆ. ಆದರೆ ಅಕ್ಕನ ಮಗಳನ್ನು ತಮ್ಮ ಮದುವೆಯಾದ ಮನೆ ನೋಡಿ. ತಮ್ಮನಲ್ಲಿ ಇರುವುದು ಅವನ ಅವ್ವನ ಎಳೆ. ಅಕ್ಕನಲ್ಲೂ ಅದೇ. ಅಕ್ಕನ ಮಗಳಲ್ಲೂ ಅದೇ. ಹುಟ್ಟುವ ಮಕ್ಕಳಿಗೂ ಅದೇ. ಹೊರಗೆ ಹೋದ ಎಳೆ ತಿರುಗಿ ಅದೇ ಹೊಸ್ತಿಲಿಗೆ ಬಂದು ಸೇರಿತು.

2019ರಲ್ಲಿ ಹರಿಯಾಣದ ರಾಖಿಗಢಿಯಿಂದ ಸಿಂಧೂ ಕಾಲದ ಒಬ್ಬ ಹೆಂಗಸಿನ ಡಿಎನ್‌ಎ ಓದಿದರು. ಅವಳ ತಾಯಿ-ಸಾಲು ಯು2ಬಿ2. ಅದೂ ಇಲ್ಲಿನ ಹಳೆಯ ಸಾಲೇ. ಅವತ್ತು ಹೊರಗಿನಿಂದ ಜನ ಬಂದರು ಅನ್ನುವವರೂ ಬಂದೇ ಇಲ್ಲ ಅನ್ನುವವರೂ ತಮ್ಮದೇ ಗೆಲುವು ಅಂದರು. ನನ್ನ ಮನಸ್ಸಿನಲ್ಲಿ ಉಳಿದಿದ್ದು ಬೇರೆ ಲೆಕ್ಕ: 61 ಮಾದರಿ ತೆಗೆದರೆ ಓದಲು ಸಿಕ್ಕಿದ್ದು ಒಂದೇ ಒಂದು. ಬಿಸಿಲು ಡಿಎನ್‌ಎಯನ್ನು ಅಷ್ಟು ಬೇಗ ಪುಡಿ ಮಾಡುತ್ತದೆ. ಕಿವಿಯ ಒಳಗಿನ ಗಟ್ಟಿ ಎಲುಬಿನಂಥ ಕಡೆ ಕೆಲವು ಸಲ ಉಳಿದಿರುತ್ತದೆ. ಹರಿಯಾಣದ ಬಿಸಿಲೇ ಹೀಗಾದರೆ ಬಳ್ಳಾರಿ, ರಾಯಚೂರಿನ ಬಿಸಿಲು ಎಂಥದ್ದು ಅಂತ ನಮಗೆ ಹೇಳಬೇಕಾಗಿಲ್ಲ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯನ್ನು 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದರು. ಬಳ್ಳಾರಿಗೆ ಹತ್ತಿರದ ಸಂಗನಕಲ್ಲಿನ ಗುಡ್ಡದ ಮೇಲೆ ಹುರುಳಿ, ಹೆಸರು, ಕೊರಲೆ ಬೆಳೆದು ಉಂಡ ಜನ ಇದ್ದರು. ಧಾನ್ಯ ಅರೆದು ಅರೆದು ಬಂಡೆಯಲ್ಲಿ ಬಿದ್ದ ಗುಳಿಗಳು ಈಗಲೂ ಇವೆ. ಕೈ ಇಟ್ಟರೆ ನುಣ್ಣಗೆ ತಾಕುತ್ತವೆ. ಈ ಸೀಮೆಯ ನವಶಿಲಾಯುಗದ ಜನ ತೀರಿಹೋದ ಕೂಸುಗಳನ್ನು ಊರಾಚೆ ಒಯ್ಯಲಿಲ್ಲ. ಗಡಿಗೆಯಲ್ಲಿಟ್ಟು ತಾವು ಬಾಳುವ ಜಾಗದಲ್ಲೇ, ಮನೆಯ ಹತ್ತಿರವೇ ಹೂಳಿದರು. ಆ ಗಡಿಗೆಯೊಳಗಿನ ಕೂಸು ಹೊತ್ತಿದ್ದೂ ತನ್ನ ಅವ್ವನ ಎಳೆಯನ್ನೇ.